ಪಿಂಗಾಣಿಯ ಒಳಬಿರುಕು



ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ತಾಯಂದಿರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಟಣ್ ಎಂದರೆ ಗಟ್ಟಿ, ಸದ್ದು ಸತ್ತಂತಿದ್ದರೆ ಎಲ್ಲೋ ಬಿರುಕು. ನಾವು ಈ ಸಂಜೆ ಹೇಳಹೊರಟಿರುವುದೂ ಅದೇ ವಿದ್ಯೆಯನ್ನೇ.

ವಿದ್ಯುತ್ ಸಬ್‌ಸ್ಟೇಷನ್ನಿನ ಅಂಗಳದಲ್ಲಿ ತಟ್ಟೆಯ ಮೇಲೆ ತಟ್ಟೆ ಪೇರಿಸಿದಂತಿರುವ ಕಂದು ಪಿಂಗಾಣಿ ಕಂಬಗಳನ್ನು ನಾವೆಲ್ಲ ಬೇಲಿಯಾಚೆಯಿಂದ ಕಂಡಿದ್ದೇವೆ. ಕರೆಂಟು ಕೆಳಗಿಳಿಯದಂತೆ ತಡೆಯುವುದರ ಜೊತೆಗೆ ಮೇಲಿನ ಭಾರವನ್ನೂ ಅವು ಹೊರುತ್ತವೆ. ಕಬ್ಬಿಣವಾದರೆ ಮುರಿಯುವ ಮುಂಚೆ ಬಾಗಿ ಸೂಚನೆ ಕೊಟ್ಟೀತು. ಪಿಂಗಾಣಿಗೆ ಆ ಗುಣವಿಲ್ಲ. ಒಣಗಿಸುವಾಗಲೋ ಸುಡುವಾಗಲೋ ಉಳಿದ ಬಿರುಕು, ಬುಡದ ಸಿಮೆಂಟು ನೀರು ಕುಡಿದು ಉಬ್ಬಿದ್ದರಿಂದ ಆದ ಬಿರುಕು, ಹೊಳಪಿನ ಕೆಳಗೆ ವರ್ಷಗಟ್ಟಲೆ ಅಡಗಿರಬಲ್ಲದು. ಒಂದು ದಿನ ಸ್ವಿಚ್ಚಿನ ಹಿಡಿ ತಿರುಗಿಸಿದಾಗ ಕಂಬ ಒಮ್ಮೆಲೇ ತುಂಡಾಗಿ ಬೀಳುತ್ತದೆ. ಆಗ ಕೆಳಗಿರುವವನು ಆಫೀಸಿನ ದೊರೆಯಲ್ಲ, ಹಿಡಿ ತಿರುಗಿಸುವ ಕೆಲಸಗಾರ.

ಇಂಥ ಬಿರುಕು ಹುಡುಕಲು ಕಿವಿಗೆ ಕೇಳದ ಸದ್ದನ್ನು ಬಳಸುತ್ತಾರೆ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳೀತು. ಈ ಉಪಕರಣದ್ದು ಹತ್ತಾರು ಲಕ್ಷ. ಗರ್ಭಿಣಿಯರ ಸ್ಕ್ಯಾನಿಂಗಿನಲ್ಲಿ ಇರುವುದೂ ಇಂಥದೇ ಸದ್ದು. 1928ರಲ್ಲಿ ಸೋವಿಯತ್ ವಿಜ್ಞಾನಿ ಸೊಕೊಲೊವ್ ಲೋಹದ ಒಳದೋಷ ಹುಡುಕಲು ಈ ದಾರಿಯನ್ನು ಸೂಚಿಸಿದರು.

ಪ್ರೋಬ್ ಎಂಬ ಪುಟ್ಟ ಸಾಧನವನ್ನು ಎಣ್ಣೆಯನ್ನೋ ಜೆಲ್ಲನ್ನೋ ಸವರಿ ಒತ್ತಬೇಕು. ನಡುವೆ ಗಾಳಿ ಉಳಿದರೆ ಸದ್ದು ಒಳಹೋಗದೆ ಹಿಂದಿರುಗುತ್ತದೆ. ಬಿರುಕು ಸಿಕ್ಕಿಬೀಳುವುದೂ ಇದರಿಂದಲೇ, ಅದರೊಳಗೂ ಗಾಳಿಯೇ ತಾನೇ? ಪ್ರೋಬಿನಲ್ಲಿ ಕಂಪಿಸುವ ಬಿಲ್ಲೆಯೂ ಸಾಮಾನ್ಯವಾಗಿ ಸೆರಾಮಿಕ್ಕೇ; ಪಿಂಗಾಣಿಯ ರೋಗವನ್ನು ಅದರ ನಂಟನೇ ಹೇಳುತ್ತಾನೆ.

ಪಿಂಗಾಣಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 6,000 ಮೀಟರ್ ಎಂದಿಟ್ಟುಕೊಳ್ಳೋಣ. 60 ಮಿ.ಮೀ. ದಪ್ಪದ ತುಂಡಿನ ಆಚೆ ಬದಿ ಮುಟ್ಟಿ ಮರಳಲು 20 ಮೈಕ್ರೋಸೆಕೆಂಡು ಬೇಕು. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಮೈಕ್ರೋಸೆಕೆಂಡು. 10ಕ್ಕೇ ಪ್ರತಿಧ್ವನಿ ಬಂತೋ, 30 ಮಿ.ಮೀ. ಆಳದಲ್ಲಿ ಏನೋ ಇದೆ.

ಯಂತ್ರವೂ ಎಲ್ಲವನ್ನೂ ಕಾಣದು. ಸದ್ದು ಸಾಗುವ ದಿಕ್ಕಿಗೇ ಉದ್ದಕ್ಕೆ ನಿಂತ ಬಿರುಕು ಪ್ರತಿಧ್ವನಿ ಕೊಡುವುದು ಕಡಿಮೆ. ಹಲವು ಕಡೆಯಿಂದ ನೋಡಬೇಕು. ಒಂದೇ ಕಡೆ ಒತ್ತಿ 'ಸರಿಯಿದೆ' ಎಂದು ಬರೆದ ಚೀಟಿಯನ್ನು ನಾವು ನಂಬಲಾರೆವು. ನಮ್ಮ ಲಯನ್ ಮನೆಗಳಿಂದ ಅಂಥ ಕೆಲಸಕ್ಕೆ ಹೋಗುವ ಹುಡುಗರು ಕೇಳಲಿ: ಯಾವ ಕಂಬ, ಯಾವ ತಾರೀಕು, ಎಷ್ಟು ಕಡೆಯಿಂದ ನೋಡಿದ್ದು? ಉತ್ತರ ಬರುವ ತನಕ, ಹಿಡಿ ತಿರುಗಿಸುವ ಹೊತ್ತಿನಲ್ಲಿ ಕಂಬದಡಿ ಗುಂಪುಗೂಡಿ ನಿಲ್ಲಬೇಡಿ.