ಕೇಳುವವರಿಗೂ ಕೆಲಸವಿದೆ

(ಅನ್ನಪೂರ್ಣೇಶ್ವರಿ ನಗರದ ಮಹಿಳಾ ಸಭೆಯೊಂದರಲ್ಲಿ ಆಡಿದ ಮಾತು)



ಕವಿತೆಯನ್ನು ಪುಸ್ತಕಕ್ಕೆ ಬಿಟ್ಟುಕೊಡದೆ, ಜನರೆದುರು ನಿಂತು ಆಡುಮಾತಿನಲ್ಲೇ ಹೇಳುವ ಯುವತಿಯರು ಈಗ ಬಂದಿದ್ದಾರೆ. ಮುಂಬೈಯ ಅರಣ್ಯಾ ಜೋಹರ್ 2017ರಲ್ಲಿ, ಹದಿಹರೆಯದಲ್ಲೇ, ಹೆಣ್ಣಿನ ಮೇಲಿನ ದೌರ್ಜನ್ಯದ ಬಗ್ಗೆ ಹೀಗೆ ಹೇಳಿದ ಕವಿತೆಯ ವಿಡಿಯೋವನ್ನು ಲಕ್ಷಾಂತರ ಜನ ನೋಡಿದರು. ನಮಗೆ ಇದು ತೀರಾ ಹೊಸದಲ್ಲ. ಬೀಸುಕಲ್ಲಿನ ಮುಂದೆ ಕೂತು ನಮ್ಮ ಅಜ್ಜಿಯರು ಅತ್ತೆಮನೆಯ ಕಷ್ಟವನ್ನು ಹಾಡಿಕೊಂಡರು. ದು. ಸರಸ್ವತಿಯವರು ‘ಸಣ್ತಿಮ್ಮಿ ರಾಮಾಯಣ’ದಲ್ಲಿ ಒಬ್ಬರೇ ರಂಗದ ಮೇಲೆ ನಿಂತು, ಸಾಮಾನ್ಯ ಹೆಂಗಸಿನ ಮಾತಿನಲ್ಲಿ ರಾಮಾಯಣವನ್ನು ಹೇಳಿದರು.

ಆದರೆ ಕೇಳುವವರು ಏನು ಮಾಡಬೇಕು? ನನ್ನನ್ನು ಕಾಡುವ ಪ್ರಶ್ನೆ ಇದು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ, ಮದುವೆಯಾದ ಮೇಲೂ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದ ಕವಿತೆಯನ್ನು ತೋರಿಸಿದಳು. ಹೊರಗಿನಿಂದ ಚಿಲಕ ಹಾಕಿದ ಅಡುಗೆಮನೆ, ತವರಿನಿಂದ ಬಾರದ ಹಣ, ಎಲ್ಲವೂ ಅದರಲ್ಲಿತ್ತು. ನಾನು ಎರಡು ಕಾಗುಣಿತ ತಿದ್ದಿ, ‘ಚೆನ್ನಾಗಿದೆ’ ಎಂದು ಬರೆದುಕೊಟ್ಟೆ. ಕೆಲವೇ ತಿಂಗಳಲ್ಲಿ ‘ಸ್ಟೌ ಸಿಡಿದು’ ತೀರಿಕೊಂಡಳೆಂಬ ಸುದ್ದಿ ಬಂತು. 1990ರ ದಶಕದಲ್ಲಿ ವಿಮೋಚನಾ ಸಂಘಟನೆಯವರು ಬೆಂಗಳೂರಿನ ಇಂಥ ‘ಅಪಘಾತ’ಗಳನ್ನು ಕೆದಕಿ ನೋಡಿದಾಗ, ಈ ಒಂದು ಮಾತಿನಡಿ ಎಷ್ಟೊಂದು ಹೆಣ್ಣುಮಕ್ಕಳ ಸಾವು ಮುಚ್ಚಿಹೋಗುತ್ತಿದೆ ಎಂಬುದು ಹೊರಬಂತು. ನನ್ನ ಕೈಗೆ ಬಂದಿದ್ದ ಆ ಪುಟ ಕವಿತೆಯಷ್ಟೇ ಅಲ್ಲ, ದೂರೂ ಆಗಿತ್ತು.

ವೇದಿಕೆ ಏರುವ ಹುಡುಗಿಯರಿಗೆ ನನ್ನದೊಂದು ಮಾತು. ನೊಂದವಳ ಒಪ್ಪಿಗೆ ಇಲ್ಲದೆ ಅವಳ ಕಥೆ ಹೇಳಬೇಡಿ. ಹೆಸರು, ಬೀದಿ, ಗುರುತು ಬೇಡ. ಚಪ್ಪಾಳೆ ನಿಮಗೆ, ಹೊಡೆತ ಅವಳಿಗೆ ಎಂದಾಗಬಾರದು.

ಕೇಳುವ ನಮಗೂ ಕೆಲಸವಿದೆ. ಕವಿತೆ ಮುಗಿದು ಎಲ್ಲರೂ ಎದ್ದ ಮೇಲೂ ಯಾರಾದರೂ ಮೂಲೆಯಲ್ಲಿ ಕೂತೇ ಇದ್ದರೆ, ಪಕ್ಕದಲ್ಲಿ ಕೂತು ಮಾತಾಡಿಸಿ. 181ಕ್ಕೆ ಫೋನ್ ಮಾಡಬಹುದೆಂದು ತಿಳಿಸಿ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಪ್ರಕಾರ, ಗಂಡನೊಡನೆ ಬಾಳಿದ ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ತಾನೇ ಆಗಲಿ, ರಕ್ಷಣಾಧಿಕಾರಿಯ ಮೂಲಕವಾಗಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಅವಳು ಒಪ್ಪಿದರೆ ಜೊತೆಗೆ ಹೋಗಿ.

ಆ ದಿನ ನಾನು ಕೇಳಬೇಕಾಗಿದ್ದದ್ದು ಒಂದೇ ಮಾತು: ‘ಇದು ನಿನ್ನ ಮನೆಯೇನಮ್ಮಾ?’ ನಾನು ಕೇಳಲಿಲ್ಲ. ನೀವು ಕೇಳಿ.