ವಸ್ವಸೆ: ಈಮಾನಿನ ದೋಷವಲ್ಲ, ಚಿಕಿತ್ಸೆ ಇರುವ ಕಾಯಿಲೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ವಾರ್ಷಿಕ ಸಮಾರಂಭದಲ್ಲಿ ಪರೀಕ್ಷೆ, ಫಲಿತಾಂಶ, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಾನು ಬೇರೆ ವಿಷಯವನ್ನು ಆರಿಸಿಕೊಂಡಿದ್ದೇನೆ. ಈ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಅದೇ ತಪ್ಪು ನಿಮ್ಮ ಕೈಯಿಂದ ಆಗಬಾರದು ಎಂಬುದೇ ಇದಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ನನಗೊಬ್ಬ ವಿದ್ಯಾರ್ಥಿನಿ ಇದ್ದಳು. ಜಾಣೆ, ಮಿತಭಾಷಿ. ಉರ್ದುವಿನಲ್ಲಿ 'ಖುದಾ' ಎಂದು ಬರೆಯುವಾಗ ಮೇಲಿನ ನುಕ್ತಾ ಕೆಳಗಿಳಿದರೆ ಅದು 'ಜುದಾ' ಆಗುತ್ತದೆ, ಅಂದರೆ ಅಗಲಿದವನು ಎಂದಾಗುತ್ತದೆ. ಅಕ್ಷರದ ಮೇಲೆ ನಿಗಾ ಇರಲಿ ಎಂದು ಪ್ರತಿ ವರ್ಷ ಎಲ್ಲ ಮಕ್ಕಳಿಗೂ ಈ ಮಾತನ್ನು ಹೇಳುತ್ತೇನೆ. ಉಳಿದ ಮಕ್ಕಳು ನಕ್ಕು ಮರೆತರು. ಈ ಹುಡುಗಿ ಮರೆಯಲಿಲ್ಲ. ನುಕ್ತಾ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಅದೇ ಸಾಲನ್ನು ಹತ್ತು ಸಲ ನೋಡುವಳು, ಅಳಿಸುವಳು, ಹಾಳೆ ಹರಿದು ಮತ್ತೆ ಬರೆಯುವಳು. ಪರೀಕ್ಷೆಯಲ್ಲಿ ಅರ್ಧ ಪತ್ರಿಕೆಯೂ ಮುಗಿಯುತ್ತಿರಲಿಲ್ಲ. ಅವಳ ಕೈಗಳು ಒಡೆದು ಬಿರುಕು ಬಿಟ್ಟಿದ್ದವು. ಲೋಂಡಾದ ಮಳೆಗಾಲದ ತೇವಕ್ಕೆ ಹೀಗಾಗಿರಬೇಕು ಎಂದುಕೊಂಡೆ.

ಒಂದು ದಿನ ಅವಳ ತಾಯಿ ಬಂದರು. "ಆಪಾ, ಫಜರಿಗೆ ಎದ್ದವಳು ಹೊತ್ತೇರುವ ತನಕ ನಳದ ಮುಂದೆಯೇ ಕೂತಿರುತ್ತಾಳೆ. ವುಝೂ ಮುಗಿಯುವುದೇ ಇಲ್ಲ. ಯಾರದೋ ನಜರ್ ತಾಗಿದೆ" ಎಂದು ಕಣ್ಣೀರು ಹಾಕಿದರು. ನಾನು ಹುಡುಗಿಯನ್ನು ಕರೆದು, "ಇದೆಲ್ಲ ಶೈತಾನನ ವಸ್ವಸೆ. ನಿನ್ನ ಈಮಾನ್ ಗಟ್ಟಿ ಮಾಡಿಕೋ, ಇಂಥ ಯೋಚನೆಗಳನ್ನು ತಲೆಯಿಂದ ತೆಗೆದುಹಾಕು" ಎಂದು ಗದರಿದೆ. ಬಿ.ಇಡಿ.ಯಲ್ಲಿ ಶೈಕ್ಷಣಿಕ ಮನೋವಿಜ್ಞಾನವನ್ನು ಓದಿ ಒಳ್ಳೆಯ ಅಂಕ ಪಡೆದವಳು ನಾನು! ಅಂದಿನಿಂದ ಅವಳ ಕಷ್ಟ ಎರಡು ಪಟ್ಟಾಯಿತು. ಮೊದಲು ನೀರಿನ ಭಯವೊಂದೇ ಇತ್ತು. ಈಗ ತನ್ನ ಈಮಾನೇ ಸರಿಯಿಲ್ಲ ಎಂಬ ಭಯವೂ ಅದಕ್ಕೆ ಸೇರಿತು.

ಮಾನ್ಯರೇ, ಅವಳಿಗೆ ಇದ್ದದ್ದು ಕನ್ನಡದಲ್ಲಿ 'ಗೀಳು ಮನೋರೋಗ' ಎಂದು ಕರೆಯುವ ಕಾಯಿಲೆ. ವೈದ್ಯರು ಅದನ್ನು ಚಿಕ್ಕದಾಗಿ ಓಸಿಡಿ ಎನ್ನುತ್ತಾರೆ. ಇದಕ್ಕೆ ಎರಡು ಮುಖಗಳಿವೆ. ಬೇಡವೆಂದರೂ ಮತ್ತೆ ಮತ್ತೆ ನುಗ್ಗಿ ಬರುವ ಆಲೋಚನೆ ಒಂದು. ಆ ಆಲೋಚನೆ ತಂದ ತಳಮಳವನ್ನು ತಣಿಸಲು ಮಾಡಲೇಬೇಕೆನಿಸುವ ಕ್ರಿಯೆ ಇನ್ನೊಂದು. ಕೈ ತೊಳೆಯುವುದು, ಬೀಗ ಎಳೆದು ನೋಡುವುದು, ಎಣಿಸುವುದು, ಮನಸ್ಸಿನೊಳಗೇ ಏನನ್ನೋ ಹೇಳಿಕೊಳ್ಳುವುದು, ಇತರರನ್ನು ಪದೇ ಪದೇ ಕೇಳುವುದು, ಇವೆಲ್ಲ ಆ ಎರಡನೆಯ ಗುಂಪಿಗೆ ಸೇರುತ್ತವೆ. ಶುಚಿತ್ವದ ಮೇಲಿನ ಪ್ರೀತಿಗೂ ಇದಕ್ಕೂ ವ್ಯತ್ಯಾಸವಿದೆ. ಶುಚಿಯಾಗಿ ಇರುವವನಿಗೆ ತೊಳೆದ ಮೇಲೆ ಸಮಾಧಾನ ಸಿಗುತ್ತದೆ. ಗೀಳಿನ ರೋಗಿಗೆ ಅದು ಕ್ಷಣ ಮಾತ್ರ ಸಿಕ್ಕಿ ಜಾರಿ ಹೋಗುತ್ತದೆ. ಇವು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತನ್ನು ನುಂಗುತ್ತಿದ್ದರೆ, ಅಥವಾ ಓದು, ಕೆಲಸ, ಸಂಸಾರಕ್ಕೆ ಅಡ್ಡ ಬರುತ್ತಿದ್ದರೆ, ವೈದ್ಯರು ಅದನ್ನು ಕಾಯಿಲೆ ಎಂದು ಪರಿಗಣಿಸುತ್ತಾರೆ.

ಇದು ನಮ್ಮ ಸಮಾಜಕ್ಕೆ ಮಾತ್ರ ಅಂಟಿದ್ದಲ್ಲ. ನಮ್ಮಲ್ಲಿ ಅದು ವುಝೂ ಮತ್ತು ನಮಾಝಿನ ರಕಾತ್‌ಗಳ ಸುತ್ತ ಹೆಣೆದುಕೊಳ್ಳುತ್ತದೆ. ನೆರೆಯ ಹಿಂದೂ ಮನೆಗಳಲ್ಲಿ ಮಡಿ ಮೈಲಿಗೆಯ ರೂಪ ತಾಳುತ್ತದೆ. ಧರ್ಮದ ಗೊಡವೆ ಇಲ್ಲದವರಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಸಂಶಯವಾಗಿ ಬರುತ್ತದೆ. ಮನುಷ್ಯ ಯಾವುದನ್ನು ಬಹಳ ಮುಖ್ಯವೆಂದು ನಂಬಿದ್ದಾನೋ ಅದನ್ನೇ ಈ ಕಾಯಿಲೆ ಹಿಡಿದುಕೊಳ್ಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಎಂಟು ಜನರಿಗೆ ಈ ತೊಂದರೆ ಇದೆ. ಇದು ಹೆಚ್ಚಾಗಿ ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಅಂದರೆ ನಮ್ಮ ಶಾಲೆ ಕಾಲೇಜುಗಳ ಬೆಂಚುಗಳ ಮೇಲೆ!

ನಮ್ಮ ಪೂರ್ವಜರಿಗೆ ಇದು ತಿಳಿದಿರಲಿಲ್ಲವೆಂದು ಭಾವಿಸಬೇಡಿ. ಒಂಬತ್ತು ಮತ್ತು ಹತ್ತನೆಯ ಶತಮಾನಗಳ ನಡುವೆ ಬಾಳಿದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸುಗಳ ಆರೋಗ್ಯದ ಕುರಿತು ಒಂದು ಗ್ರಂಥ ಬರೆದರು. ಸಿಟ್ಟು, ಭಯ, ದುಃಖಗಳ ಜೊತೆಗೆ ವಸ್ವಸೆಯನ್ನೂ ಅವರು ಬೇರೆಯೇ ಆದ ಒಂದು ಮನೋಬಾಧೆ ಎಂದು ಗುರುತಿಸಿ, ಅದಕ್ಕೆ ಪರಿಹಾರ ಸೂಚಿಸಿದರು. 2015ರಲ್ಲಿ ಇಂದಿನ ಸಂಶೋಧಕರು ಅವರ ವಿವರಣೆಯನ್ನು ಆಧುನಿಕ ವೈದ್ಯಶಾಸ್ತ್ರದ ಲಕ್ಷಣಗಳ ಪಟ್ಟಿಯೊಂದಿಗೆ ಹೋಲಿಸಿ, ಎರಡೂ ಬಹಳ ಮಟ್ಟಿಗೆ ಹೊಂದುತ್ತವೆ ಎಂದು ತೋರಿಸಿದರು. ಬಗ್ದಾದಿನ ಇಬ್ನುಲ್ ಜೌಝಿಯವರೂ ಡಮಾಸ್ಕಸ್ಸಿನ ಇಬ್ನ್ ಕುದಾಮಾ ಅವರೂ ವುಝೂವಿನಲ್ಲಿ ಮಿತಿಮೀರುವವರ ಬಗ್ಗೆ ಬರೆದಿದ್ದಾರೆ. ಸಂಶಯ ಬಂದ ಮಾತ್ರಕ್ಕೆ ಖಚಿತವಾದದ್ದು ಅಳಿಯುವುದಿಲ್ಲ ಎಂಬುದು ನಮ್ಮ ಫಿಕ್ಹ್ ಶಾಸ್ತ್ರದ ಮೂಲ ನಿಯಮಗಳಲ್ಲಿ ಒಂದು.

ಇನ್ನು ಆಧುನಿಕ ಮನಶ್ಶಾಸ್ತ್ರಕ್ಕೆ ಬರೋಣ. ವಿದ್ಯಾರ್ಥಿಗಳೇ, ಒಂದು ಸಣ್ಣ ಪ್ರಯೋಗ ಮಾಡಿ. ಮುಂದಿನ ಒಂದು ನಿಮಿಷ ಏನನ್ನು ಬೇಕಾದರೂ ಯೋಚಿಸಿ, ಬಿಳಿ ಕರಡಿಯೊಂದನ್ನು ಬಿಟ್ಟು. ಆಯಿತೇ? ಕರಡಿ ಬಂದೇ ಬಂತಲ್ಲವೇ? 1987ರಲ್ಲಿ ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಇದೇ ಪ್ರಯೋಗ ಮಾಡಿದರು. ಯೋಚಿಸಬಾರದು ಎಂದು ಅದುಮಿದವರಿಗೆ ಆಮೇಲೆ ಆ ಯೋಚನೆ ಇನ್ನೂ ಹೆಚ್ಚಾಗಿ ಬಂತು. ನಾನು ಆ ಹುಡುಗಿಗೆ "ತಲೆಯಿಂದ ತೆಗೆದುಹಾಕು" ಎಂದಾಗ ಆದದ್ದು ಇದೇ.

ಲಂಡನ್ನಿನಲ್ಲಿ ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವಾ 1978ರಲ್ಲಿ ಇನ್ನೊಂದು ಮಹತ್ವದ ಅಧ್ಯಯನ ಪ್ರಕಟಿಸಿದರು. ಯಾವ ಮನೋರೋಗವೂ ಇಲ್ಲದ ಸಾಮಾನ್ಯ ಜನರನ್ನು ಕೇಳಿದಾಗ, ಅವರಲ್ಲಿ ಸುಮಾರು ಶೇಕಡಾ 80ರಷ್ಟು ಮಂದಿ ತಮಗೂ ಕೆಟ್ಟ, ವಿಚಿತ್ರ, ಬೇಡವಾದ ಆಲೋಚನೆಗಳು ಬರುತ್ತವೆ ಎಂದು ಒಪ್ಪಿಕೊಂಡರು. ಅಂದ ಮೇಲೆ ಆಲೋಚನೆ ಬರುವುದು ರೋಗವಲ್ಲ. ಅದಕ್ಕೆ ನಾವು ಕೊಡುವ ಅರ್ಥದಲ್ಲಿ ತೊಡಕಿದೆ. "ಇಂಥ ಯೋಚನೆ ಬಂತೆಂದರೆ ನಾನೇ ಕೆಟ್ಟವಳು, ಏನಾದರೂ ಅನಾಹುತವಾದರೆ ನಾನೇ ಹೊಣೆ" ಎಂದು ರೋಗಿ ನಂಬುತ್ತಾನೆ ಅಥವಾ ನಂಬುತ್ತಾಳೆ. ಅತಿಯಾದ ಈ ಹೊಣೆಗಾರಿಕೆಯ ಭಾವನೆಯನ್ನು 1985ರಲ್ಲಿ ಪಾಲ್ ಸಾಲ್ಕೋವ್‌ಸ್ಕಿಸ್ ವಿವರಿಸಿದರು. ನಂಬಿಕೆ ಇಲ್ಲದವರಿಗಿಂತ ನಂಬಿಕೆಯನ್ನು ಮನಸಾರೆ ಹಚ್ಚಿಕೊಂಡವರಿಗೇ ಧಾರ್ಮಿಕ ವಸ್ವಸೆ ಏಕೆ ಕಾಡುತ್ತದೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಚಿಕಿತ್ಸೆ ಏನು? 1966ಕ್ಕೆ ಮುಂಚೆ ಇದು ಗುಣವಾಗದ ಕಾಯಿಲೆ ಎಂದೇ ಬಹುತೇಕ ವೈದ್ಯರು ಕೈಚೆಲ್ಲಿದ್ದರು. ಆ ವರ್ಷ ಲಂಡನ್ನಿನ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ಚಿಕಿತ್ಸೆಯ ವಿವರ ಪ್ರಕಟಿಸಿದರು. ಅವರ ಉಪಾಯ ಸರಳವಾಗಿತ್ತು. ರೋಗಿ ಯಾವುದಕ್ಕೆ ಹೆದರುತ್ತಾನೋ ಅದನ್ನೇ ಮುಟ್ಟಿಸುವುದು, ಆಮೇಲೆ ತೊಳೆಯಲು ಬಿಡದೆ ಇರುವುದು. ತಳಮಳ ಏರುತ್ತದೆ, ತಡೆಯಲಾಗದು ಎನಿಸುತ್ತದೆ. ಆದರೆ ಕಾದರೆ ಅದು ತಾನಾಗಿಯೇ ಇಳಿಯುತ್ತದೆ. ತೊಳೆಯದಿದ್ದರೂ ಏನೂ ಆಗಲಿಲ್ಲ ಎಂಬ ಪಾಠವನ್ನು ಮನಸ್ಸು ಆಗ ಕಲಿಯುತ್ತದೆ. ಭಯವನ್ನು ಎದುರಿಸಿ ಪ್ರತಿಕ್ರಿಯೆಯನ್ನು ತಡೆಯುವ ಈ ವರ್ತನಾ ಚಿಕಿತ್ಸೆಯನ್ನು ಈಗ ತಜ್ಞರು ಮೆಟ್ಟಿಲು ಮೆಟ್ಟಿಲಾಗಿ, ರೋಗಿಯ ಒಪ್ಪಿಗೆಯಿಂದ, ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಮಾಡಿಸುತ್ತಾರೆ.

ಎರಡನೆಯದು ಔಷಧಿ. ಕ್ಲೋಮಿಪ್ರಮಿನ್, ಆಮೇಲೆ ಬಂದ ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್ ಮುಂತಾದವು ಅನೇಕರಿಗೆ ಫಲ ಕೊಡುತ್ತವೆ. ಇವು ಚಟ ಹಿಡಿಸುವ ನಿದ್ದೆ ಮಾತ್ರೆಗಳಲ್ಲ. ಆದರೆ ಪರಿಣಾಮ ಕಾಣಲು ಎರಡು ಮೂರು ತಿಂಗಳೇ ಬೇಕಾಗಬಹುದು. ಹದಿನೈದು ದಿನ ನುಂಗಿ "ಗುಣವಾಗಲಿಲ್ಲ" ಎಂದು ಬಿಡುವುದು, ಸ್ವಲ್ಪ ಗುಣ ಕಂಡ ಕೂಡಲೇ ವೈದ್ಯರನ್ನು ಕೇಳದೆ ನಿಲ್ಲಿಸುವುದು, ಎರಡೂ ತಪ್ಪು.

1992ರಲ್ಲಿ ಕ್ಯಾಲಿಫೋರ್ನಿಯಾದ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ರೋಗಿಗಳ ಮಿದುಳಿನ ಚಿತ್ರ ತೆಗೆದು ನೋಡಿದರು. ಔಷಧಿಯಿಂದ ಸುಧಾರಿಸಿದವರಲ್ಲಿ ಮಿದುಳಿನ ಒಂದು ಭಾಗದ ಅತಿಯಾದ ಚಟುವಟಿಕೆ ತಗ್ಗಿತ್ತು. ಮಾತ್ರೆ ತೆಗೆದುಕೊಳ್ಳದೆ ಬರೀ ವರ್ತನಾ ಚಿಕಿತ್ಸೆಯಿಂದ ಸುಧಾರಿಸಿದವರಲ್ಲೂ ಅದೇ ಭಾಗದಲ್ಲಿ ಅದೇ ಬದಲಾವಣೆ ಕಂಡಿತು! ಇದು ಮೈಯ ರೋಗವೋ ಮನಸ್ಸಿನ ರೋಗವೋ ಎಂಬ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಇದಕ್ಕಾಗಿ ನಾವು ದೂರ ಹುಡುಕಬೇಕಾಗಿಲ್ಲ. ಗೀಳು ರೋಗಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ನಡೆಸಿದ ಕೀರ್ತಿ ನಮ್ಮ ರಾಜ್ಯದ ನಿಮ್ಹಾನ್ಸ್‌ನದು. ಅಲ್ಲಿನ ಡಾ. ವೈ.ಸಿ. ಜನಾರ್ದನ ರೆಡ್ಡಿ ಮತ್ತು ಸಹೋದ್ಯೋಗಿಗಳು 2017ರಲ್ಲಿ ಭಾರತೀಯ ಮನೋವೈದ್ಯರಿಗಾಗಿ ಈ ಕಾಯಿಲೆಯ ಚಿಕಿತ್ಸಾ ಮಾರ್ಗಸೂಚಿ ಬರೆದರು. ಅದೇ ಸಂಸ್ಥೆಯ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನೋರೋಗಗಳ ಬಗ್ಗೆ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ನಮ್ಮ ಗ್ರಂಥಾಲಯದಲ್ಲಿ ಇರಬೇಕೆಂದು ಸಮಿತಿಯವರಲ್ಲಿ ಈ ಮೂಲಕ ವಿನಂತಿಸುತ್ತೇನೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಲೋಂಡಾದಿಂದ ರೈಲಿನಲ್ಲಿ ಹೋಗಿ ಬರುವುದು ಒಂದು ದಿನದ ಕೆಲಸ. ಬೆಳಗಾವಿಯ ಜಿಲ್ಲಾ ಆಸ್ಪತ್ರೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆಂದು ಖಾನಾಪುರದ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಇಡೀ ದೇಶದಲ್ಲಿ ಈ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ವಿದ್ಯಾರ್ಥಿಗಳೇ, ಈ ಸಂಖ್ಯೆಯನ್ನು ಬರೆದುಕೊಳ್ಳಿ.

ಆ ಹುಡುಗಿಯ ಕಥೆಯನ್ನು ಮುಗಿಸುತ್ತೇನೆ. ಹತ್ತನೆಯ ತರಗತಿಗೆ ಕಳಿಸುವುದೇ ಬೇಡ ಎಂದು ಮನೆಯವರು ನಿರ್ಧರಿಸಿದ್ದರು. "ಹುಚ್ಚಿನ ಡಾಕ್ಟರ ಹತ್ತಿರ ಹೋದರೆ ನಾಳೆ ನಿಕಾಹ್ ಹೇಗೆ?" ಎಂಬ ಮಾತೂ ಬಂತು. ಕೊನೆಗೆ ಅವಳ ಮಾಮಾ ಒಬ್ಬರು ಧೈರ್ಯ ಮಾಡಿ ಧಾರವಾಡಕ್ಕೆ ಕರೆದೊಯ್ದರು. ನಾನೂ ಜೊತೆಗೆ ಹೋದೆ. ನನ್ನ ನುಕ್ತಾದ ಮಾತಿನಿಂದ ಹೀಗಾಯಿತೇ ಎಂದು ವೈದ್ಯರನ್ನು ಕೇಳಿದೆ. "ಅಲ್ಲ, ಕಾಯಿಲೆ ಮೊದಲೇ ಇತ್ತು, ಅದಕ್ಕೆ ಜೋತುಬೀಳಲು ಒಂದು ಗೂಟ ಬೇಕಿತ್ತು, ಅಷ್ಟೇ" ಎಂದರು.

ಅವರು ಮನೆಯವರಿಗೆ ಕಲಿಸಿದ ಒಂದು ಪಾಠ ಎಲ್ಲರಿಗೂ ಉಪಯುಕ್ತ. ಹುಡುಗಿ ದಿನಕ್ಕೆ ಇಪ್ಪತ್ತು ಸಲ "ನನ್ನ ವುಝೂ ಆಯಿತಾ ಅಮ್ಮೀ?" ಎಂದು ಕೇಳುತ್ತಿದ್ದಳು. ತಾಯಿ ಪ್ರೀತಿಯಿಂದ "ಆಯ್ತು ಬೇಟಾ" ಎನ್ನುತ್ತಿದ್ದರು. ಆ ಉತ್ತರವೂ ಗೀಳಿಗೆ ಹಾಕುವ ಮೇವೇ! ಮೌಲಾನಾ ಸಾಹೇಬರು ಸಹಕರಿಸಿದರು. ಒಂದು ಲೋಟಾ ನೀರು, ಪ್ರತಿ ಅಂಗಕ್ಕೆ ಮೂರು ಸಲ, ಅಲ್ಲಿಗೆ ಮುಗಿಯಿತು, ಸಂಶಯ ಬಂದರೂ ಮರಳಬೇಡ ಎಂದು ಒಂದೇ ಸಲ ಹೇಳಿದರು. ಮತ್ತೆ ಕೇಳಲು ಹೋದಾಗ, "ಉತ್ತರ ಆಗಲೇ ಕೊಟ್ಟಿದ್ದೇನೆ ಮಗಳೇ" ಎಂದಷ್ಟೇ ನುಡಿದರು. ಅಂಥ ಧರ್ಮಗುರುಗಳು ಮತ್ತು ವೈದ್ಯರು ಕೈ ಜೋಡಿಸಿದರೆ ಅರ್ಧ ಕೆಲಸ ಆದಂತೆ.

ಅವಳು ಒಂದು ವರ್ಷ ತಡವಾಗಿ ಎಸ್.ಎಸ್.ಎಲ್.ಸಿ. ಪಾಸಾದಳು. ಕಾಯಿಲೆ ಪೂರ್ತಿ ಹೋಗಿಲ್ಲ, ಪರೀಕ್ಷೆಯ ದಿನಗಳಲ್ಲಿ ತಲೆ ಎತ್ತುತ್ತದೆ. ಆದರೆ ಈಗ ಅದರ ಹೆಸರು ಅವಳಿಗೆ ಗೊತ್ತು. ಕಳೆದ ಈದ್‌ಗೆ ಅವಳು ನನಗೆ ಕೊಟ್ಟ ಕಾರ್ಡಿನಲ್ಲಿ ಒಂದು ನುಕ್ತಾ ಬಿಟ್ಟುಹೋಗಿತ್ತು. ಅವಳು ಅದನ್ನು ತಿದ್ದಿರಲಿಲ್ಲ. ನಾನೂ ತಿದ್ದಲಿಲ್ಲ.

ಶಿಕ್ಷಕ ಬಂಧುಗಳೇ, ಹಾಳೆ ಹರಿಯುವ, ತಡವಾಗಿ ಬರುವ, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವ ಮಗುವನ್ನು ಗದರುವ ಮುನ್ನ ಅದರ ಕೈಗಳನ್ನು ಒಮ್ಮೆ ನೋಡಿ. ತಾಯಂದಿರೇ, ಮುಚ್ಚಿಡಬೇಡಿ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಿಗಾದರೂ ಇಂಥ ಕಷ್ಟ ಇದ್ದರೆ ನೀವು ಪಾಪಿಗಳಲ್ಲ, ಹುಚ್ಚರೂ ಅಲ್ಲ. ಜ್ವರ ಬಂದಾಗ ದುಆ ಮಾಡುತ್ತೇವೆ, ಔಷಧಿಯನ್ನೂ ಕುಡಿಯುತ್ತೇವೆ. ಇಲ್ಲಿಯೂ ಹಾಗೆಯೇ ಮಾಡೋಣ.