ಮೌಸಿನ ಬೆಳಕು ಬಂದ ದಾರಿ



ಗೇಮಿಂಗ್ ಮೌಸ್ ಅಂದೊಡನೆ ಕಣ್ಣಿಗೆ ಕಟ್ಟುವುದು ಅದರ ಮೈಮೇಲೆ ಹರಿದಾಡುವ ಬಣ್ಣ. ಆದರೆ ಮೌಸಿನೊಳಗೆ ಬೆಳಕು ಬಂದದ್ದು ಅಂದಕ್ಕಲ್ಲ, ಅಗತ್ಯಕ್ಕೆ.

1964ರಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಕಟ್ಟಿದ ಮೊದಲ ಮೌಸಿಗೆ ಮರದ ಮೈ, ಕೆಳಗೆ ಎರಡು ಚಕ್ರ. ಮುಂದೆ ಚಕ್ರದ ಜಾಗಕ್ಕೆ ಗುಂಡು ಬಂತು, ಗುಂಡಿನ ಜೊತೆಗೆ ಧೂಳೂ ಬಂತು. ಒಳಗಿನ ರೋಲರಿಗೆ ಮೆತ್ತಿದ ಕೊಳೆಯನ್ನು ಉಗುರಿನಿಂದ ಕೆರೆದು ತೆಗೆದವರು ನಿಮ್ಮಲ್ಲೂ ಇರಬಹುದು.

ಆ ಕಷ್ಟ ತಪ್ಪಿಸಿದ್ದು ಬೆಳಕು. 1999ರಲ್ಲಿ ಮೈಕ್ರೋಸಾಫ್ಟಿನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂತು. ಅದರ ಹೊಟ್ಟೆಯಲ್ಲೊಂದು ಕೆಂಪು ಎಲ್‌ಇಡಿ, ಪಕ್ಕದಲ್ಲೊಂದು ಪುಟ್ಟ ಕ್ಯಾಮೆರಾ. ದೀಪ ಮೇಜಿನ ಮೇಲ್ಮೈಯನ್ನು ಬೆಳಗುತ್ತದೆ. ಕ್ಯಾಮೆರಾ ಸೆಕೆಂಡಿಗೆ 1500 ಚಿತ್ರ ತೆಗೆಯುತ್ತದೆ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸದಿಂದ ಕೈ ಎತ್ತ ಸರಿಯಿತೆಂದು ಒಳಗಿನ ಚಿಪ್ ಲೆಕ್ಕ ಹಾಕುತ್ತದೆ. ಆ ಮೌಸಿನ ಹಿಂಬದಿಯೂ ಕೆಂಪಗೆ ಹೊಳೆಯುತ್ತಿತ್ತು. ಮೌಸಿನ ಸಿಂಗಾರ ಶುರುವಾದದ್ದು ಅಲ್ಲಿಂದಲೇ ಎಂಬುದು ನನ್ನ ಎಣಿಕೆ.

ಎಲ್ಲ ಬಣ್ಣ ಬರಬೇಕಾದರೆ ಕೆಂಪು, ಹಸಿರಿನ ಜೊತೆಗೆ ನೀಲಿಯೂ ಬೇಕು. ಪ್ರಖರವಾದ ನೀಲಿ ಎಲ್‌ಇಡಿಯನ್ನು 1993ರಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿ ಸಾಧಿಸಿದವರು ಶುಜಿ ನಕಾಮುರ. ನೀಲಿ ಬೆಳಕಿನ ಈ ಕೆಲಸಕ್ಕಾಗಿ ವಿಜ್ಞಾನಿಗಳಾದ ಅಕಾಸಾಕಿ ಮತ್ತು ಅಮಾನೊ ಅವರೊಡನೆ 2014ರ ನೊಬೆಲ್ ಅವರಿಗೂ ಸಂದಿತು. ಮೂರೂ ಬಣ್ಣಕ್ಕೆ ತಲಾ 256 ಮಟ್ಟ ಕೊಟ್ಟರೆ 1,67,77,216 ಛಾಯೆಗಳು. ಮೌಸಿನ ಪೆಟ್ಟಿಗೆಯ ಮೇಲೆ ಹೇಳುವ 1.67 ಕೋಟಿ ಬಣ್ಣದ ಲೆಕ್ಕ ಇದೇ.

ಇಷ್ಟು ಬಣ್ಣ ಬಂದ ಮೇಲೆ ಆರಿಸಿಕೊಳ್ಳಲು ಸಾಫ್ಟ್‌ವೇರ್ ಬೇಕಾಯಿತು. ಡಿಪಿಐ ಎಂಬ ಸೂಕ್ಷ್ಮತೆಯ ಮಟ್ಟ, ಗುಂಡಿಗಳ ಕೆಲಸ, ಹಲವು ಒತ್ತುಗಳನ್ನು ಒಂದೇ ಗುಂಡಿಗೆ ಕಟ್ಟುವ ಮ್ಯಾಕ್ರೋ, ದೀಪ, ಚಲನೆಯನ್ನು ವರದಿ ಮಾಡುವ ವೇಗ ಎಲ್ಲವನ್ನೂ ಹೊಂದಿಸುವುದು ಅಲ್ಲೇ. ಮೌಸ್ ತನ್ನ ಚಲನೆಯನ್ನು ಸೆಕೆಂಡಿಗೆ 125 ಸಲ ತಿಳಿಸಿದರೆ ಎರಡು ವರದಿಗಳ ನಡುವೆ 8 ಮಿಲಿಸೆಕೆಂಡ್. 1000 ಸಲವಾದರೆ ಒಂದೇ ಮಿಲಿಸೆಕೆಂಡ್. ಆಟಗಾರರಿಗೆ ಬಣ್ಣಕ್ಕಿಂತ ಇದು ಮುಖ್ಯ. ಆದರೆ ಕೆಲವು ಸಾಫ್ಟ್‌ವೇರ್‌ಗಳು ಲಾಗಿನ್ ಆಗದೆ ಬಾಗಿಲೇ ತೆರೆಯದಂತಾದವು. ಕಾಸು ಕೊಟ್ಟು ಕೊಂಡ ಮೌಸಿನ ದೀಪ ಆರಿಸಲು ಖಾತೆ ಏಕೆ ಬೇಕು? ಅದು ನನಗೆ ಸರಿ ಕಾಣುವುದಿಲ್ಲ. ಲಿನಕ್ಸ್ ಬಳಗದವರು ಕಟ್ಟಿದ ಪೈಪರ್ ಎಂಬ ಮುಕ್ತ ತಂತ್ರಾಂಶ ಹಲವು ಮೌಸುಗಳಿಗೆ ಈ ಕೆಲಸವನ್ನು ಖಾತೆಯಿಲ್ಲದೆ ಮಾಡಿಕೊಡುತ್ತದೆ.

ಹೊಸ ಮೌಸ್ ಕೊಳ್ಳುವಾಗ, ನಿಮ್ಮ ಆಯ್ಕೆಗಳನ್ನು ಮೌಸಿನೊಳಗೇ ಉಳಿಸುವ ‘ಆನ್‌ಬೋರ್ಡ್ ಮೆಮೊರಿ’ ಇದೆಯೇ ಎಂದು ಕೇಳಿ. ಮನೆಯಲ್ಲಿರುವ ಮೌಸನ್ನು ಪರೀಕ್ಷಿಸುವುದೂ ಸುಲಭ: ಒಂದು ಬಣ್ಣ ಆರಿಸಿ, ಸೇವ್ ಮಾಡಿ, ಆ ಸಾಫ್ಟ್‌ವೇರ್ ಇಲ್ಲದ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ. ಅದೇ ಬಣ್ಣ ಹೊತ್ತಿದರೆ ನಿಮ್ಮ ಆಯ್ಕೆ ಮೌಸಿನೊಳಗೇ ಉಳಿದಿದೆ.